ವೈಫೈ ಕರೆಯ ಕಾಸು ಯಾರ ಜೇಬಿಗೆ ಹೋಯಿತು?

ಮೊಬೈಲ್ ಟವರಿನ ಬದಲು ವೈಫೈ ಹಿಡಿದು, ಇಂಟರ್ನೆಟ್ ಮೂಲಕ ಹೋಗುವ ಫೋನ್ ಕರೆಯೇ ವೈಫೈ ಕರೆ. 2002ರ ಮಾರ್ಚ್ ಕೊನೆಯವರೆಗೂ ಭಾರತದಲ್ಲಿ ಇಂಟರ್ನೆಟ್ ಮೂಲಕ ಫೋನ್ ಮಾಡಲು ಕಾನೂನಿನ ಒಪ್ಪಿಗೆ ಇರಲಿಲ್ಲ. ತಂತ್ರಜ್ಞಾನ ಇರಲಿಲ್ಲ ಅಂತಲ್ಲ. ಇಸ್ರೇಲಿನ ವೋಕಲ್‌ಟೆಕ್ ಕಂಪನಿ 1995ರಲ್ಲೇ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾತಾಡುವ ಸಾಫ್ಟ್‌ವೇರ್ ಹೊರತಂದಿತ್ತು. ಅದೇ ವರ್ಷ ಆಗಸ್ಟ್ 15ರಂದು ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ನಮ್ಮ ಜನಕ್ಕೆ ಇಂಟರ್ನೆಟ್ ಕೊಟ್ಟಿತು. ಆದರೆ ಹೊರದೇಶದ ಕರೆಗಳ ಏಕಸ್ವಾಮ್ಯವೂ ಅದೇ ವಿಎಸ್‌ಎನ್‌ಎಲ್ ಕೈಯಲ್ಲಿತ್ತು. ಎಸ್‌ಟಿಡಿ ಬೂತಿನ ಗಾಜಿನ ಗೂಡಿನೊಳಗೆ ನಿಂತು, ಮೀಟರಿನ ಕೆಂಪು ಅಂಕಿ ಓಡುವುದನ್ನೇ ನೋಡುತ್ತಾ ಅಮೆರಿಕದ ಮಗನ ಜತೆ ಮಾತಾಡಿದವರಿಗೆ ಅದರ ಬೆಲೆ ಗೊತ್ತು.

ಆ ಏಕಸ್ವಾಮ್ಯ ಮುಗಿದದ್ದು 2002ರ ಮಾರ್ಚ್ 31ಕ್ಕೆ. ಇಂಟರ್ನೆಟ್ ಕರೆಗೆ ಒಪ್ಪಿಗೆ ಸಿಕ್ಕಿದ್ದು ಮರುದಿನ, ಏಪ್ರಿಲ್ 1ಕ್ಕೆ. ಒಂದಕ್ಕೊಂದು ಸಂಬಂಧ ಇಲ್ಲ ಅನ್ನುವಂತಿಲ್ಲ, ಅಲ್ವಾ? ಒಪ್ಪಿಗೆಯೂ ಅರ್ಧದ್ದೇ. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾತಾಡಬಹುದು, ಹೊರದೇಶದ ಫೋನಿಗೂ ಮಾಡಬಹುದು. ಆದರೆ ಬೆಂಗಳೂರಿನ ಕಂಪ್ಯೂಟರಿನಿಂದ ಹಾಸನದ ಲ್ಯಾಂಡ್‌ಲೈನಿಗೆ ಮಾಡುವಂತಿರಲಿಲ್ಲ.

2003ರಲ್ಲಿ ಸ್ಕೈಪ್ ಬಂತು. 2005ರ ಜನವರಿಯಲ್ಲಿ ಸರ್ಕಾರ 2.4 ಗಿಗಾಹರ್ಟ್ಸ್‌ನ ರೇಡಿಯೋ ಅಲೆಗಳನ್ನು ಮನೆಯ ಹೊರಗೂ ಲೈಸೆನ್ಸ್ ಇಲ್ಲದೆ ಬಳಸಬಹುದು ಎಂದಿತು. ಆಗ ವೈಫೈ ಹೆಚ್ಚಾಗಿ ಓಡುತ್ತಿದ್ದುದು ಈ ಅಲೆಗಳ ಮೇಲೇ. ಎರಡನ್ನೂ ಒಟ್ಟಿಗೆ ನೋಡಿದವರಿಗೆ ಲೆಕ್ಕ ಬಹಳ ಸುಲಭವಾಗಿ ಕಂಡಿತು. ಸ್ಪೆಕ್ಟ್ರಂಗೆ, ಅಂದರೆ ರೇಡಿಯೋ ಅಲೆ ಬಳಸುವ ಹಕ್ಕಿಗೆ ದುಡ್ಡು ಕೊಡಬೇಕಿಲ್ಲ, ಟವರ್ ನಿಲ್ಲಿಸಬೇಕಿಲ್ಲ, ವೈಫೈ ಇದ್ದಲ್ಲೆಲ್ಲ ಕರೆ ಮಾರಬಹುದು. ಮೊಬೈಲ್ ಕಂಪನಿಗಳ ಕಥೆ ಮುಗಿಯಿತು ಅಂತಲೇ ತುಂಬಾ ಜನ ನಂಬಿದ್ದರು.

ಹಾಗಾಗಲಿಲ್ಲ. ಬ್ರಿಟನ್ನಿನ ಬಿಟಿ ಕಂಪನಿ 2005ರಲ್ಲಿ ಫ್ಯೂಷನ್ ಎಂಬ ಸೇವೆ ತಂದಿತು. ಮನೆಯೊಳಗಿದ್ದಾಗ ಮೊಬೈಲ್ ಕರೆ ಬ್ರಾಡ್‌ಬ್ಯಾಂಡಿನ ಮೂಲಕ ಕಡಿಮೆ ದರದಲ್ಲಿ ಹೋಗುತ್ತಿತ್ತು. ಅಷ್ಟರಲ್ಲಿ ಮಾಮೂಲಿ ಮೊಬೈಲ್ ಕರೆಯ ದರವೇ ಇಳಿಯುತ್ತಾ ಬಂತು, ಫ್ಯೂಷನ್‌ಗೆ ಗಿರಾಕಿ ಸಿಗಲಿಲ್ಲ, 2009ರಲ್ಲಿ ನಿಂತುಹೋಯಿತು. ಅಮೆರಿಕದ ಟಿ-ಮೊಬೈಲ್ 2007ರಲ್ಲಿ ಇಂಥದ್ದೇ ಸೇವೆ ಶುರುಮಾಡಿತು. ಅದು ಉಳಿಯಿತು. ಗೋಡೆಯನ್ನು ಸುಲಭವಾಗಿ ದಾಟುವ ಕಡಿಮೆ ಫ್ರೀಕ್ವೆನ್ಸಿಯ ಅಲೆಗಳು ಆಗ ಆ ಕಂಪನಿಯ ಬಳಿ ಇರಲಿಲ್ಲ, ಹಾಗಾಗಿ ಗಿರಾಕಿಗಳ ಮನೆಯೊಳಗೆ ಸಿಗ್ನಲ್ ಸೊರಗುತ್ತಿತ್ತು. ಬಿಟಿ ಅಗ್ಗದ ನಿಮಿಷ ಮಾರಲು ಹೊರಟಿತ್ತು. ಟಿ-ಮೊಬೈಲ್ ಅದರ ಜತೆಗೆ ಮನೆಯೊಳಗಿನ ಸಿಗ್ನಲ್ಲನ್ನೂ ಕೊಟ್ಟಿತು. ಈ ಮಾರುಕಟ್ಟೆಯ ಗುಟ್ಟು ಇಲ್ಲೇ ಇದೆ ಅಂತ ನನ್ನ ನಂಬಿಕೆ. ವೈಫೈ ಕರೆಗೆ ಬೆಲೆ ಇರುವುದು ಸಿಗ್ನಲ್ ಇಲ್ಲದ ಕಡೆ.

ಭಾರತದಲ್ಲಿ ನಿಮಿಷದ ಬೆಲೆ ಇನ್ನೂ ಬೇಗ ಕರಗಿತು. 2003ರ ಮೇ ತಿಂಗಳಿಂದ ಬರುವ ಕರೆಗೆ ದುಡ್ಡು ನಿಂತಿತು. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ 1 ಪೈಸೆ ಎಂದಿತು, ಉಳಿದವರೂ ಅದೇ ದಾರಿ ಹಿಡಿದರು. 2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಇಂಟರ್ನೆಟ್ ಕರೆಗೆ ಬೇರೆಯೇ ದರ ಹಾಕುವುದಾಗಿ ಹೇಳಿ, ಜನರ ಸಿಟ್ಟು ನೋಡಿ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಮರುವರ್ಷ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಈ ಬಗ್ಗೆ ಜನರ ಅಭಿಪ್ರಾಯ ಕೇಳಿದಾಗ 10 ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. ಯಾವ ಆ್ಯಪಿಗೆ ಬಳಸಿದರೂ ಡೇಟಾಗೆ ಒಂದೇ ದರ ಇರಬೇಕು ಅಂತ ಟ್ರಾಯ್ ನಿಯಮ ಮಾಡಿದ್ದು 2016ರ ಫೆಬ್ರವರಿಯಲ್ಲಿ. ಆ ಇಮೇಲ್‌ಗಳು ಹೋಗದೇ ಇದ್ದಿದ್ದರೆ ಇವತ್ತು ವಾಟ್ಸ್ಆ್ಯಪ್ ಕರೆಗೆ ಪ್ರತ್ಯೇಕ ಪ್ಯಾಕ್ ಹಾಕಿಸಬೇಕಾಗುತ್ತಿತ್ತೇನೋ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು, ಕರೆ ಉಚಿತ, ಡೇಟಾಗೆ ಮಾತ್ರ ದುಡ್ಡು ಎಂದಿತು.

ಇಂಟರ್ನೆಟ್ಟಿನಿಂದ ಯಾವ ಫೋನಿಗೆ ಬೇಕಾದರೂ ಕರೆ ಮಾಡುವ ದಾರಿ ಪೂರ್ತಿ ತೆರೆದದ್ದು ಇಷ್ಟೆಲ್ಲ ಆದ ಮೇಲೆ. 2017ರ ಅಕ್ಟೋಬರಿನಲ್ಲಿ ಟ್ರಾಯ್ ಶಿಫಾರಸು ಮಾಡಿತು, 2018ರಲ್ಲಿ ದೂರಸಂಪರ್ಕ ಇಲಾಖೆ ಒಪ್ಪಿತು. ತಕ್ಷಣ ಬಿಎಸ್‌ಎನ್‌ಎಲ್ 'ವಿಂಗ್ಸ್' ಎಂಬ ಆ್ಯಪ್ ತಂದು ವರ್ಷಕ್ಕೆ 1,099 ರೂಪಾಯಿ ಕೇಳಿತು. ಹತ್ತು ವರ್ಷ ಮೊದಲು ಬಂದಿದ್ದರೆ ಜನ ಮುಗಿಬೀಳುತ್ತಿದ್ದರು. 2018ರಲ್ಲಿ ಮಾತಿಗಾಗಿ ಪ್ರತ್ಯೇಕ ದುಡ್ಡು ಕೊಡುವ ಅಭ್ಯಾಸವೇ ಜನರಿಗೆ ತಪ್ಪುತ್ತಾ ಬಂದಿತ್ತು. ಮೈಕ್ರೋಸಾಫ್ಟ್ 2011ರಲ್ಲಿ 850 ಕೋಟಿ ಡಾಲರ್ ಕೊಟ್ಟು ಕೊಂಡ ಸ್ಕೈಪ್ ಕೂಡ 2025ರ ಮೇನಲ್ಲಿ ಮುಚ್ಚಿತು.

ಕೊನೆಗೆ ವೈಫೈ ಕರೆ ತಂದವರು ಮೊಬೈಲ್ ಕಂಪನಿಗಳೇ. 2019ರ ಡಿಸೆಂಬರಿನಲ್ಲಿ ಏರ್‌ಟೆಲ್ ದೆಹಲಿ ಸುತ್ತಮುತ್ತ ಶುರುಮಾಡಿತು, ಅದೂ ಮೊದಲಿಗೆ ತನ್ನದೇ ಬ್ರಾಡ್‌ಬ್ಯಾಂಡ್ ಇದ್ದವರಿಗೆ ಮಾತ್ರ. 2020ರ ಜನವರಿಯಲ್ಲಿ ಜಿಯೋ, ಯಾರ ವೈಫೈ ಆದರೂ ಸರಿ ಎಂದಿತು. ಏರ್‌ಟೆಲ್ ಆಮೇಲೆ ಹಾಗೇ ಮಾಡಿತು. ಹೆಚ್ಚುವರಿ ದುಡ್ಡಿಲ್ಲ, ಆ್ಯಪ್ ಹಾಕಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ಫೋನು ಇಂಟರ್ನೆಟ್ ಮೂಲಕ ಕಂಪನಿಯ ಗೇಟ್‌ವೇವರೆಗೆ, ಅಂದರೆ ಅದರ ಜಾಲದ ಬಾಗಿಲಿನವರೆಗೆ, ಒಂದು ಸುರಕ್ಷಿತ ದಾರಿ ಮಾಡಿಕೊಳ್ಳುತ್ತದೆ. ಇದು ಇಂಥವರ ನಂಬರು ಅಂತ ಸಿಮ್ ಸಾಕ್ಷಿ ಹೇಳುತ್ತದೆ. ಅಲ್ಲಿಂದ ಮುಂದೆ ಮಾಮೂಲಿ ಕರೆಯೇ. ಆ ಕಡೆಯವರ ಹತ್ತಿರ ಹಳೇ ಬಟನ್ ಫೋನ್ ಇದ್ದರೂ ನಡೆಯುತ್ತದೆ. ಮಾತಾಡುತ್ತಾ ಅಂಗಳಕ್ಕೆ ಬಂದರೆ, ಹೊರಗೆ 4ಜಿ ಸಿಗ್ನಲ್ ಇದ್ದಲ್ಲಿ ಕರೆ ಟವರಿಗೆ ದಾಟಿಕೊಳ್ಳುತ್ತದೆ. ಇಲ್ಲದಿದ್ದರೆ ಕಟ್ ಆಗುತ್ತದೆ.

ಇದರಿಂದ ಕಂಪನಿಗಳಿಗೇನು ಲಾಭ? ಗಿರಾಕಿಯೇ ದುಡ್ಡು ಕೊಟ್ಟು ಹಾಕಿಸಿದ ಬ್ರಾಡ್‌ಬ್ಯಾಂಡ್ ಅವರ ಟವರಿನ ಕೆಲಸ ಮಾಡುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ, ಲಿಫ್ಟಿನ ಪಕ್ಕದ ರೂಮಿಗೆ ಸಿಗ್ನಲ್ ತಲುಪಿಸುವ ತಲೆನೋವು ಅಷ್ಟರಮಟ್ಟಿಗೆ ಕಡಿಮೆ. ಸಿಮ್ ಬದಲಾಯಿಸುವ ಯೋಚನೆಯಲ್ಲಿದ್ದವರೂ ಉಳಿದುಕೊಳ್ಳುತ್ತಾರೆ.

ನಿಜವಾದ ಗಿರಾಕಿ ಇರುವುದು ಮಲೆನಾಡಿನಲ್ಲಿ. ತೀರ್ಥಹಳ್ಳಿ, ಶೃಂಗೇರಿ, ಸಿದ್ದಾಪುರ ಕಡೆ ಅಡಿಕೆ ತೋಟದ ನಡುವಿನ ಮನೆ ಕಣಿವೆಯ ತಳದಲ್ಲಿರುತ್ತದೆ, ಟವರ್ ಗುಡ್ಡದ ಆಚೆ. ಕಿಟಕಿಯ ಒಂದು ಮೂಲೆಯಲ್ಲಿ ಫೋನ್ ಇಟ್ಟರೆ ಮಾತ್ರ ಒಂದು ಕಡ್ಡಿ ಸಿಗ್ನಲ್. ಬ್ಯಾಂಕಿನ ಒಟಿಪಿ ಬರಬೇಕಾದರೆ ದಿಬ್ಬ ಹತ್ತಬೇಕು. ಲಾಕ್‌ಡೌನ್ ಕಾಲದಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿ ಕೂತದ್ದನ್ನು ನಾಡೇ ನೋಡಿದೆ. ಕರೆಂಟ್ ಕಂಬದ ಮೇಲೆ ಫೈಬರ್ ಎಳೆದುಕೊಂಡು ಬಂದ ಊರುಗಳಲ್ಲಿ ಈಗ ಅದೇ ಮನೆಯ ಅಡುಗೆಕೋಣೆಯಲ್ಲಿ ಫೋನ್ ರಿಂಗಾಗುತ್ತದೆ. ಅಂಥ ಮನೆಯವರು ಫೈಬರಿಗೆ ಕೊಡುವ ತಿಂಗಳ ದುಡ್ಡಿನಲ್ಲಿ ಒಂದು ಪಾಲು ಈ ರಿಂಗಿನದು. ವೈಫೈ ಕರೆಯ ಮಾರುಕಟ್ಟೆ ಎಲ್ಲಿದೆ ಎಂದು ಕೇಳಿದರೆ ನಾನು ತೋರಿಸುವುದು ಆ ಬಿಲ್ಲನ್ನು.

ಮಾತಿಗೆ ಇನ್ನೂ ನೇರವಾಗಿ ದುಡ್ಡು ಕೊಡುವ ಕನ್ನಡಿಗರೂ ಇದ್ದಾರೆ. ದುಬೈ, ಅಬುಧಾಬಿಯಲ್ಲಿ ವಾಟ್ಸ್ಆ್ಯಪ್ ಕರೆಗೆ ತಡೆ ಇದೆ, ಲೈಸೆನ್ಸ್ ಪಡೆದ ಬೋಟಿಮ್‌ನಂಥ ಆ್ಯಪ್‌ಗಳನ್ನೇ ಬಳಸಬೇಕು. ಅಲ್ಲಿ ಇಂಟರ್ನೆಟ್ ಕರೆಯ ಪ್ಯಾಕಿಗೆ ತಿಂಗಳಿಗೆ 50 ದಿರ್ಹಮ್ ಇಟ್ಟಿದ್ದೂ ಉಂಟು. ಮಂಗಳೂರು, ಉಡುಪಿ, ಭಟ್ಕಳದಿಂದ ಹೋಗಿ ಕೂಲಿ ಸಂಬಳದಲ್ಲಿ ದುಡಿಯುವವರಿಗೆ ಅದು ಸಣ್ಣ ಮೊತ್ತವಲ್ಲ. ಹೊರದೇಶದ ಕರೆಗೆ ಬೆಲೆ ಇರುವ ತನಕ ಕಳ್ಳದಾರಿಯೂ ಇರುತ್ತದೆ. ಇಂಟರ್ನೆಟ್ಟಿನಲ್ಲಿ ಬಂದ ಹೊರದೇಶದ ಕರೆಯನ್ನು ಹಲವು ಸಿಮ್ ತುಂಬಿದ ಯಂತ್ರದಲ್ಲಿ, ಅಂದರೆ ಸಿಮ್ ಬಾಕ್ಸಿನಲ್ಲಿ, ಲೋಕಲ್ ಕರೆಯಾಗಿಸುವ ಜಾಲ 2021ರಲ್ಲಿ ಬೆಂಗಳೂರಿನಲ್ಲೇ ಸಿಕ್ಕಿಬಿತ್ತು.

ಮಲೆನಾಡಿನ ಮನೆಗೆ ಬಾಕಿ ಇರುವ ತೊಂದರೆ ಕರೆಂಟಿನದು. ಹಳೇ ತಾಮ್ರದ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು, ಮನೆಯಲ್ಲಿ ದೀಪ ಹೋದರೂ ಡಯಲ್ ಟೋನ್ ಇರುತ್ತಿತ್ತು. ರೌಟರ್ ಹಾಗಲ್ಲ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಾಗ, ಅಂದರೆ ಆಂಬುಲೆನ್ಸ್‌ಗೋ ಲೈನ್‌ಮನ್‌ಗೋ ಫೋನ್ ಮಾಡಲೇಬೇಕಾದ ಹೊತ್ತಿಗೇ, ವೈಫೈ ಕರೆ ಸತ್ತಿರುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೂ ಪೇಟೆಯ ಕೇಬಲ್ ಆಫೀಸಿನ ಯಂತ್ರಕ್ಕೆ ಬ್ಯಾಟರಿ ಇಲ್ಲದಿದ್ದರೆ ಪ್ರಯೋಜನವಿಲ್ಲ. ಈ ಊರುಗಳಲ್ಲಿ ಫೈಬರ್ ಮಾರುವವರು ರೌಟರ್ ಜತೆ ಒಂದು ಸಣ್ಣ ಬ್ಯಾಟರಿಯನ್ನೂ ಕೊಡಬೇಕು, ತಮ್ಮ ಕಡೆಯ ಯಂತ್ರಕ್ಕೂ ಹಾಕಿಕೊಳ್ಳಬೇಕು. ಇನ್ನೂರು ರೂಪಾಯಿ ಜಾಸ್ತಿ ಬಿಲ್ ಬಂದರೂ ಇಲ್ಲಿನ ಜನ ಕೊಡುತ್ತಾರೆ.