ನೇಪಾಳ ಅವಸರಪಟ್ಟಿತೇ?

ಪ್ರಶ್ನೆ: ಒಂದು ದೇಶ ಅರಸೊತ್ತಿಗೆಯನ್ನು ಒಮ್ಮೆಲೇ ರದ್ದುಪಡಿಸಬೇಕೆ, ಹಂತಹಂತವಾಗಿ ಸುಧಾರಿಸಬೇಕೆ? ನೇಪಾಳ ಒಂದೇ ರಾತ್ರಿಯಲ್ಲಿ ಅರಸನನ್ನು ಕಳಿಸಿ ಕೆಟ್ಟಿತಲ್ಲವೇ?

ಉತ್ತರ: ಕಠ್ಮಂಡುವಿನಲ್ಲಿ ಸರ್ಕಾರ ಬಿದ್ದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಅಲ್ಲಿ ಸರ್ಕಾರಗಳು ಎಷ್ಟು ಬೇಗ ಬೀಳುತ್ತವೆಂಬುದು ಓದುಗರಿಗೆ ತಿಳಿದೇ ಇರುವುದರಿಂದ, ಇದಕ್ಕೆ ಎಷ್ಟು ಸಲ ಉತ್ತರಿಸಿದ್ದೇನೆಂದು ಬೇರೆ ಹೇಳಬೇಕಾಗಿಲ್ಲ. ಮೊದಲ ಭಾಗಕ್ಕೆ ಉತ್ತರ ಚಿಕ್ಕದು. ಒಮ್ಮೆ ಬಿಟ್ಟುಕೊಟ್ಟ ಅಧಿಕಾರವನ್ನು ಅರಸ ಮತ್ತೆ ಕಿತ್ತುಕೊಳ್ಳಲಾಗದಂಥ ಏರ್ಪಾಡು ಇದ್ದರೆ ಸುಧಾರಣೆಯೇ ಸಾಕು. ಸೇನೆಯ ನಿಷ್ಠೆ ಅರಮನೆಯ ಕಡೆಗೇ ಉಳಿದಿದ್ದರೆ ಸುಧಾರಣೆ ನಿಲ್ಲುವುದಿಲ್ಲ. ಎರಡನೆಯ ಭಾಗದಲ್ಲಿರುವುದು ಪ್ರಶ್ನೆಯ ವೇಷ ತೊಟ್ಟ ತಪ್ಪು ತಿಳಿವಳಿಕೆ.

2008ರ ಮೇ 28ರ ರಾತ್ರಿ ನೇಪಾಳದ ಸಂವಿಧಾನ ಸಭೆ 560–4 ಮತಗಳಿಂದ ಗಣರಾಜ್ಯವನ್ನು ಘೋಷಿಸಿ, ನಾರಾಯಣಹಿಟಿ ಅರಮನೆಯನ್ನು ತೆರವು ಮಾಡಲು ಅರಸ ಜ್ಞಾನೇಂದ್ರರಿಗೆ 15 ದಿನಗಳ ಗಡುವು ಕೊಟ್ಟಿತು. ಎಲ್ಲರಿಗೂ ನೆನಪಿರುವುದು ಆ ರಾತ್ರಿ ಮಾತ್ರ. ಆದರೆ ಜನರೇ ಆರಿಸಿದ ಸಂವಿಧಾನ ಸಭೆಯೊಂದು ದೇಶದ ಸಂವಿಧಾನವನ್ನು ಬರೆಯುತ್ತದೆ ಎಂಬ ಮಾತನ್ನು ಜ್ಞಾನೇಂದ್ರರ ಅಜ್ಜ, ಅರಸ ತ್ರಿಭುವನರು, ವಂಶಪಾರಂಪರ್ಯವಾಗಿ ಪ್ರಧಾನಿ ಪಟ್ಟ ಹಿಡಿದಿದ್ದ ರಾಣಾ ಮನೆತನದ ಆಡಳಿತ ಕೊನೆಗೊಂಡ 1951ರಲ್ಲೇ ಕೊಟ್ಟಿದ್ದರು. ಅಂಥ ಸಭೆಗೆ ಚುನಾವಣೆ ನಡೆದದ್ದು 2008ರ ಏಪ್ರಿಲ್‌ನಲ್ಲಿ. ಐವತ್ತೇಳು ವರ್ಷ ಕಾದದ್ದನ್ನು ಅವಸರವೆನ್ನುವುದಾದರೆ ನಿಧಾನವೆಂಬ ಪದಕ್ಕೆ ನಾವು ಹೊಸ ಅರ್ಥವನ್ನು ಹುಡುಕಬೇಕಾಗುತ್ತದೆ.

ಈ ನಡುವೆ ಸುಧಾರಣೆಯ ಪ್ರಯತ್ನಗಳು ನಡೆಯದೆ ಇರಲಿಲ್ಲ. 1959ರ ಚುನಾವಣೆಯಲ್ಲಿ ಗೆದ್ದು ಪ್ರಧಾನಿಯಾದ ಬಿ. ಪಿ. ಕೊಯಿರಾಲ ಅವರನ್ನು ಮರುವರ್ಷದ ಡಿಸೆಂಬರ್‌ನಲ್ಲಿ ಅರಸ ಮಹೇಂದ್ರ ಸೇನೆಯ ಮೂಲಕ ಬಂಧಿಸಿ, ಸಂಸತ್ತನ್ನು ವಿಸರ್ಜಿಸಿ, ಪಕ್ಷಗಳನ್ನೇ ನಿಷೇಧಿಸಿದರು. ಪಕ್ಷವಿಲ್ಲದ ಪಂಚಾಯತ್ ವ್ಯವಸ್ಥೆ ಮೂವತ್ತು ವರ್ಷ ನಡೆಯಿತು. 1990ರ ಜನಾಂದೋಲನಕ್ಕೆ ಮಣಿದು ಮಹೇಂದ್ರರ ಮಗ ಬೀರೇಂದ್ರ ಸಾಂವಿಧಾನಿಕ ಅರಸರಾದರು. ಅರಮನೆಯ ಹತ್ಯಾಕಾಂಡದಲ್ಲಿ ಅವರು ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ತಮ್ಮ ಜ್ಞಾನೇಂದ್ರ 2005ರ ಫೆಬ್ರವರಿ 1ರಂದು ದೂರವಾಣಿಯ ತಂತಿಗಳನ್ನೂ ಬಿಡದೆ ಕತ್ತರಿಸಿ, ನಾಯಕರನ್ನು ಗೃಹಬಂಧನದಲ್ಲಿಟ್ಟು, ಆಡಳಿತವನ್ನು ತಾವೇ ವಹಿಸಿಕೊಂಡರು. ಅಪ್ಪ ಒಮ್ಮೆ, ಮಗ ಒಮ್ಮೆ. ಮೂರನೆಯ ಸಲವೂ ನಂಬಬೇಕಿತ್ತೆಂದು ನೇಪಾಳಿಗರಿಗೆ ಇಲ್ಲಿ ಕುಳಿತು ಬುದ್ಧಿ ಹೇಳುವುದು ನಮಗೆ ಸುಲಭ.

2006ರ ಏಪ್ರಿಲ್‌ನ 19 ದಿನಗಳ ಆಂದೋಲನದ ನಂತರವೂ ಕಿರೀಟ ಒಂದೇಟಿಗೆ ಬೀಳಲಿಲ್ಲ. ಮೇ 18ರಂದು ಸಂಸತ್ತು ‘ಶ್ರೀ 5 ಸರ್ಕಾರ’ (ಎಂದರೆ ಅರಸರ ಸರ್ಕಾರ) ಎಂಬ ಹೆಸರನ್ನು ‘ನೇಪಾಳ ಸರ್ಕಾರ’ ಎಂದು ಬದಲಾಯಿಸಿತು, ಸೇನೆಯ ಹೆಸರಿನಿಂದ ‘ರಾಜರ’ ಎಂಬರ್ಥದ ‘ಶಾಹಿ’ಯನ್ನು ತೆಗೆಯಿತು, ಅರಸರ ಆಸ್ತಿಯನ್ನು ತೆರಿಗೆಗೆ ಒಳಪಡಿಸಿತು. ಆಮೇಲೆ ನೋಟುಗಳ ಸರದಿ. ಅರಸರ ಮುಖವಿದ್ದ ಕಡೆ ಎವರೆಸ್ಟ್ ಬಂತು; ಆದರೆ ಮೊದಲೇ ತಯಾರಾಗಿದ್ದ ಕಾಗದದ ವಾಟರ್‌ಮಾರ್ಕ್‌ನಲ್ಲಿ ಅರಸರ ಮುಖವೇ ಇದ್ದುದರಿಂದ, ಅದರ ಮೇಲೆ ಕೆಂಪು ಲಾಲಿಗುರಾಂಸ್ (ರೋಡೋಡೆಂಡ್ರಾನ್) ಹೂವನ್ನು ಮುದ್ರಿಸಿ ಮುಚ್ಚಿದರು. ಅಂಥ ನೋಟನ್ನು ಬೆಳಕಿಗೆ ಹಿಡಿದರೆ ಹೂವಿನ ಹಿಂದೆ ಕಿರೀಟ ತೊಟ್ಟ ತಲೆ ಇನ್ನೂ ಇಣುಕುತ್ತದೆ. ಸರ್ಕಾರಗಳು ಉರುಳುವುದಕ್ಕೂ ಅರಸ ಹೋದದ್ದೇ ಕಾರಣವೆನ್ನುವವರು, 1990ರ ದಶಕದಲ್ಲಿ ಅರಸ ಇದ್ದಾಗಲೂ ಅವು ಹೀಗೆಯೇ ಉರುಳುತ್ತಿದ್ದವೆಂಬುದನ್ನು ಮರೆಯುತ್ತಾರೆ.

ಅದೇ 2008ರಲ್ಲಿ ಭೂತಾನ್ ಅರಸನನ್ನು ಉಳಿಸಿಕೊಂಡೇ ಮೊದಲ ಸಾರ್ವತ್ರಿಕ ಚುನಾವಣೆ ನಡೆಸಿತು. ಅಲ್ಲಿ ಅರಸರೇ ಮುಂದಾಗಿ ಅಧಿಕಾರ ಬಿಟ್ಟುಕೊಟ್ಟರು. ಅರಸ 65ನೆಯ ವಯಸ್ಸಿಗೆ ಪಟ್ಟ ಬಿಡಬೇಕೆಂಬ ನಿಯಮವನ್ನೂ ಸಂವಿಧಾನದಲ್ಲಿ ಸೇರಿಸಿದರು.

ಹಾಗಾದರೆ ನಮ್ಮ ಮೈಸೂರು? ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಏಕೆಂದರೆ ನಿಧಾನ ಸುಧಾರಣೆಯ ಪರವಾಗಿ ವಾದಿಸುವವರೆಲ್ಲ ಕೊನೆಗೆ ಬಂದು ನಿಲ್ಲುವುದು ಇಲ್ಲಿಯೇ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂತು. ಹೆಮ್ಮೆಪಡಬೇಕಾದ ಸಂಗತಿಯೇ. ಆದರೆ ಜನರಿಗೆ ಉತ್ತರ ಕೊಡಬೇಕಾದ ಮಂತ್ರಿಮಂಡಲ ಬಂದದ್ದು ಪ್ರಜಾಪ್ರತಿನಿಧಿ ಸಭೆ ಆರಂಭವಾದ 66 ವರ್ಷಗಳ ನಂತರ, ಅದೂ ವಿದುರಾಶ್ವತ್ಥದ ಗೋಲಿಬಾರ್ ಮತ್ತು ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ‘ಮೈಸೂರು ಚಲೋ’ ಚಳವಳಿ ಆದ ಮೇಲೆ, 1947ರ ಅಕ್ಟೋಬರ್‌ನಲ್ಲಿ, ಕೆ. ಸಿ. ರೆಡ್ಡಿ ಅವರ ನೇತೃತ್ವದಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂದು ಎರಡು ತಿಂಗಳಾಗಿತ್ತು.

ಅಲ್ಲಿಂದ ಮುಂದಿನ ದಾರಿ ಮಾತ್ರ ಸುಗಮವಾಗಿತ್ತೆಂದು ಒಪ್ಪಬೇಕು. ಅರಸ ಜಯಚಾಮರಾಜ ಒಡೆಯರು ರಾಜಪ್ರಮುಖರಾದರು (ರಾಜ್ಯಪಾಲರಂಥ ಹುದ್ದೆ), 1956ರಲ್ಲಿ ಅದೇ ನಾಡಿನ ರಾಜ್ಯಪಾಲರಾದರು. ವರ್ಷಕ್ಕೆ 26 ಲಕ್ಷ ರೂಪಾಯಿಯ ರಾಜಧನವೂ 1971ರ ಸಂವಿಧಾನ ತಿದ್ದುಪಡಿಯವರೆಗೆ ಇತ್ತು. ಸೇನೆ ಆಗಲೇ ದೆಹಲಿಯ ಕೈಯಲ್ಲಿದ್ದುದರಿಂದ, ಹಿಂದಕ್ಕೆ ಕಿತ್ತುಕೊಳ್ಳುವ ದಾರಿ ಅರಮನೆಗೆ ಇರಲಿಲ್ಲ. ವಿಜಯದಶಮಿಯ ಮೆರವಣಿಗೆಯಲ್ಲಿ ಅರಸರು ಕೂರುತ್ತಿದ್ದ ಚಿನ್ನದ ಅಂಬಾರಿಯಲ್ಲಿ ಈಗ ಚಾಮುಂಡೇಶ್ವರಿಯ ವಿಗ್ರಹವಿರುತ್ತದೆ, ಅದಕ್ಕೆ ಮೊದಲ ಪುಷ್ಪಾರ್ಚನೆ ಮಾಡುವವರು ಮುಖ್ಯಮಂತ್ರಿ.