‘ಗಾಡ್‌ಫಾದರ್’ ಮೂರನೇ ಭಾಗ: ನಿರಾಸೆ ಆಗಿದ್ದು ಎಲ್ಲಿ?

‘ಕೆಟ್ಟ ಚಿತ್ರ’ ಅನ್ನುವುದು ಬೇರೆ, ‘ನಿರಾಸೆ ಮಾಡಿದ ಚಿತ್ರ’ ಅನ್ನುವುದು ಬೇರೆ. ವಿಮರ್ಶೆ ಓದುವಾಗ ನಾವು ಇವೆರಡನ್ನೂ ಕಲಸಿಬಿಡುತ್ತೇವೆ. ಮಾಫಿಯಾ ಕುಟುಂಬವೊಂದರ ಕಥೆ ಹೇಳುವ 1990ರ ‘ದಿ ಗಾಡ್‌ಫಾದರ್ ಪಾರ್ಟ್ 3’ ಇಟ್ಟುಕೊಂಡು ಇದನ್ನು ಬಿಡಿಸೋಣ.

1972 ಮತ್ತು 1974ರ ಮೊದಲೆರಡು ಭಾಗಗಳು ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದಿದ್ದವು. 16 ವರ್ಷದ ನಂತರ ಬಂದ ಮೂರನೆಯದಕ್ಕೆ 7 ನಾಮನಿರ್ದೇಶನ ಸಿಕ್ಕರೂ ಪ್ರಶಸ್ತಿ ಒಂದೂ ಬರಲಿಲ್ಲ. ಬೇರೆ ಚಿತ್ರವಾಗಿದ್ದರೆ 7 ನಾಮನಿರ್ದೇಶನವೇ ದೊಡ್ಡದು, ಅಲ್ವಾ? ಇಲ್ಲಿ ಅದೇ ಸೋಲಿನಂತೆ ಕಂಡಿತು.

ಜಾಸ್ತಿ ಏಟು ತಿಂದವರು ಕುಟುಂಬದ ಮುಖ್ಯಸ್ಥ ಮೈಕೆಲ್‌ನ ಮಗಳು ಮೇರಿಯ ಪಾತ್ರ ಮಾಡಿದ ಸೋಫಿಯಾ ಕಪೋಲಾ. ಆ ಪಾತ್ರಕ್ಕಿದ್ದ ನಟಿ ವಿನೋನಾ ರೈಡರ್ ಹಿಂದೆ ಸರಿದಾಗ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕಪೋಲಾ ತಮ್ಮ ಮಗಳನ್ನೇ ಹಾಕಿಕೊಂಡರು. ಕೆಟ್ಟ ಅಭಿನಯಕ್ಕೆ ಕೊಡುವ ರಾಝಿ ಪ್ರಶಸ್ತಿ ಆಕೆಗೆ ಎರಡು ಬಂದವು. ಅಭಿನಯ ಸಪ್ಪೆ, ಒಪ್ಪುತ್ತೇನೆ. ಆದರೆ ಚಿತ್ರದ ಭಾರವನ್ನೆಲ್ಲ ಹದಿನೆಂಟು-ಹತ್ತೊಂಬತ್ತರ ಹುಡುಗಿಯ ತಲೆಗೆ ಕಟ್ಟಿದ್ದು ಅನ್ಯಾಯ. ಅದರಿಂದ ಕಥೆಯ ತೊಡಕುಗಳೂ ಮರೆಯಾದವು.

ಆ ತೊಡಕುಗಳಲ್ಲಿ ದೊಡ್ಡದು ಮೊದಲೆರಡು ಭಾಗಗಳಲ್ಲಿದ್ದ ಕುಟುಂಬದ ವಕೀಲ ಟಾಮ್ ಹೇಗನ್ ಇಲ್ಲದಿರುವುದು. ಸಂಭಾವನೆ ವಿಷಯದಲ್ಲಿ ಹೊಂದಾಣಿಕೆ ಆಗದೆ ಆ ಪಾತ್ರದ ರಾಬರ್ಟ್ ಡುವಾಲ್ ಇದರಲ್ಲಿ ನಟಿಸಲಿಲ್ಲ. ಟಾಮ್ ಬರೀ ವಕೀಲನಲ್ಲ. ಒಂದೇ ಮನೆಯಲ್ಲಿ ಬೆಳೆದವನು, ಮೈಕೆಲ್‌ಗೆ ‘ಇದು ಬೇಡ’ ಅನ್ನಬಲ್ಲವನು. ಅವನ ಜಾಗಕ್ಕೆ ಬಂದ ಹೊಸ ವಕೀಲ ಸುಮ್ನೆ ಕೆಲಸ ಮಾಡಿಕೊಂಡು ಹೋಗುತ್ತಾನೆ. ಎದುರು ಮಾತಾಡುವವನೇ ಇಲ್ಲದಾಗ ಮೈಕೆಲ್‌ನ ಪಶ್ಚಾತ್ತಾಪ ಬರೀ ಗೊಣಗಾಟವಾಗುತ್ತದೆ. ಇನ್ನೊಂದು ತೊಡಕು, ಮೈಕೆಲ್ ಕ್ಯಾಥೊಲಿಕ್ ಚರ್ಚಿನ ವ್ಯಾಟಿಕನ್ ಬ್ಯಾಂಕಿನ ಜೊತೆ ಮಾಡುವ ವ್ಯವಹಾರ. 1982ರಲ್ಲಿ ಇಟಲಿಯ ಬ್ಯಾಂಕೊ ಆಂಬ್ರೋಸಿಯಾನೊ ಮುಳುಗಿದ ಹಗರಣದ ನೆರಳು ಅದು. ವಿಷಯ ಗಟ್ಟಿ, ಆದರೆ ಷೇರಿನ ಲೆಕ್ಕದಲ್ಲಿ ಯಾರಿಗೆ ಯಾರ ಭಯ ಅನ್ನುವುದು ಮಸುಕಾಗುತ್ತದೆ. ಕ್ರೈಮ್ ಕಥೆ ನಡೆಯುವುದೇ ಆ ಭಯದ ಮೇಲೆ.

ಎಲ್ಲರೂ ಬೈದರು ಅಂತಲೂ ಬರೆದುಕೊಳ್ಳಬೇಡಿ. ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಮೆಚ್ಚಿ, ನಾಲ್ಕಕ್ಕೆ ಮೂರೂವರೆ ನಕ್ಷತ್ರ ಕೊಟ್ಟರು. ಇದರಲ್ಲಿ ನಟಿಸಿದ ಆಂಡಿ ಗಾರ್ಸಿಯಾಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಇಟಲಿಯ ಪಲೆರ್ಮೊದ ಒಪೆರಾ ಮಂದಿರದ ಮೆಟ್ಟಿಲ ಮೇಲೆ ಮಗಳು ಸತ್ತಾಗ ಮೈಕೆಲ್ ಪಾತ್ರದ ಅಲ್ ಪಚಿನೊ ಕೂಗುತ್ತಾರೆ, ಮೊದಲಿಗೆ ದನಿಯೇ ಕೇಳಿಸುವುದಿಲ್ಲ. ನನ್ನ ಮಟ್ಟಿಗೆ ಮೂರೂ ಭಾಗಗಳಲ್ಲಿ ಅಷ್ಟು ನೋಯಿಸುವ ದೃಶ್ಯ ಇನ್ನೊಂದಿಲ್ಲ.

2020ರಲ್ಲಿ ಕಪೋಲಾ ಚಿತ್ರವನ್ನು ಮತ್ತೆ ಎಡಿಟ್ ಮಾಡಿದರು. ಹಳೆಯದು ಪಾಳುಬಿದ್ದ ಮನೆ ಮತ್ತು ಚರ್ಚಿನ ಸಮಾರಂಭದಿಂದ ಶುರುವಾದರೆ, ಹೊಸದು ಆರ್ಚ್‌ಬಿಷಪ್ ಜೊತೆಗಿನ ಹಣದ ಮಾತಿನಿಂದಲೇ ಶುರುವಾಗುತ್ತದೆ. ಈ ಸಲ ಹಲವು ವಿಮರ್ಶಕರು ಮೆತ್ತಗಾದರು. ಎರಡರ ಮೊದಲ ಹತ್ತು ನಿಮಿಷವನ್ನು ಒಂದರ ಹಿಂದೆ ಒಂದು ನೋಡಿ. ಮೈಕೆಲ್‌ಗೆ ಏನು ಬೇಕು ಅನ್ನುವುದು ಯಾವುದರಲ್ಲಿ ಬೇಗ ಗೊತ್ತಾಯಿತು ಅಂತ ಬರೆದಿಟ್ಟುಕೊಳ್ಳಿ.