ಸವೆದ ಉಕ್ಕು ಹೊತ್ತು ಸಮ್ಮೇಳನಕ್ಕೆ

ಜಲವಿದ್ಯುತ್ ಉದ್ಯಮದ ಸಮ್ಮೇಳನಕ್ಕೆ ನಮ್ಮ ಕಂಪನಿಯಿಂದ ನಾಲ್ವರು ಹೋಗಿದ್ದೆವು. ಟರ್ಬೈನ್ ದುರಸ್ತಿ ನಮ್ಮ ಕಸುಬು. ಮಳಿಗೆಯ ಮೇಜಿನ ಮೇಲೆ ಬ್ರೋಷರ್‌ಗಳ ಪಕ್ಕ ಎರಡು ಹಾಳಾದ ತುಂಡುಗಳನ್ನಿಟ್ಟೆವು: ಒಂದು ಫ್ರಾನ್ಸಿಸ್ ಎಂಬ ಬಗೆಯ ಟರ್ಬೈನಿನ ರನ್ನರ್‌ನ, ಅಂದರೆ ನೀರಿನಿಂದ ತಿರುಗುವ ಚಕ್ರದ, ಬ್ಲೇಡಿನದು, ಇನ್ನೊಂದು ಆ ಚಕ್ರಕ್ಕೆ ನೀರು ಹಾಯಿಸುವ ಗೈಡ್ ವೇನ್‌ನದು. ಬ್ರೋಷರ್ ಅರ್ಧಕ್ಕರ್ಧ ವಾಪಸ್ ಬಂತು. ತುಂಡುಗಳನ್ನು ಮಾತ್ರ ಮುಟ್ಟದೆ ಹೋದವರು ಕಡಿಮೆ.

ಬ್ಲೇಡಿನ ಮೇಲೆ ಬೆರಳಾಡಿಸಿದರೆ ಸ್ಪಂಜಿನಂತೆ ತೂತು ತೂತು. ಇದು ಕ್ಯಾವಿಟೇಷನ್. ಒತ್ತಡ ತೀರಾ ಕುಸಿದ ಜಾಗದಲ್ಲಿ ತಣ್ಣೀರೇ ಕುದಿದು ಆವಿಗುಳ್ಳೆಗಳೇಳುತ್ತವೆ. ಒತ್ತಡ ಹೆಚ್ಚಿರುವ ಕಡೆ ಬಂದೊಡನೆ ಅವು ಕುಸಿದು ಲೋಹವನ್ನು ಸುತ್ತಿಗೆಯಂತೆ ಬಡಿಯುತ್ತವೆ. ಓಡುವ ಯಂತ್ರದ ಪಕ್ಕ ನಿಂತರೆ ಒಳಗೆ ಜಲ್ಲಿ ಉರುಳಿದ ಸದ್ದು. ಗೈಡ್ ವೇನ್ ಹಾಗಲ್ಲ, ನುಣುಪಾಗಿ ಅಲೆಅಲೆಯಾಗಿ ಸವೆದಿತ್ತು. ಅದು ಹೂಳಿನ ಕೆಲಸ. ಹೂಳಿನಲ್ಲಿರುವ ಕ್ವಾರ್ಟ್ಸ್‌ನ ಗಡಸುತನ ಮೋಸ್ ಮಾನದಲ್ಲಿ 7, ಟರ್ಬೈನಿನ ಸ್ಟೇನ್‌ಲೆಸ್ ಸ್ಟೀಲ್ ಅದರ ಮುಂದೆ ಮೆದು. ಸವೆತ ಸುಮಾರಾಗಿ ನೀರಿನ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ ವೇಗ ಎರಡು ಪಟ್ಟಾದರೆ ಸವೆತ ಎಂಟು ಪಟ್ಟು.

"ಯಾವ ಕೋಟಿಂಗ್ ಹಾಕಿದ್ರೆ ಇದು ನಿಲ್ಲುತ್ತೆ?" ಎಲ್ಲರದೂ ಇದೇ ಪ್ರಶ್ನೆ. ಟಂಗ್‌ಸ್ಟನ್ ಕಾರ್ಬೈಡ್ ಲೇಪ ಹೂಳಿಗೆ ಚೆನ್ನಾಗಿ ತಡೆದುಕೊಳ್ಳುತ್ತದೆ. ಕ್ಯಾವಿಟೇಷನ್ ಜೋರಾಗಿರುವ ಕಡೆ ಅದೇ ಲೇಪ ಚಕ್ಕೆಯೇಳಬಹುದು. ರೋಗ ಗೊತ್ತಾಗದೆ ಮದ್ದು ಹೇಳಬಾರದೆಂದು ನಮ್ಮ ಕಿರಿಯ ಎಂಜಿನಿಯರ್ ಚೆನ್ನಾಗಿಯೇ ವಿವರಿಸುತ್ತಿದ್ದಳು.

ಎರಡನೇ ದಿನ, ಚಹಾ ಲೋಟ ಹಿಡಿದೇ ಬಂದ ಪವರ್‌ಹೌಸಿನ ಹಿರಿಯರೊಬ್ಬರು ಬ್ಲೇಡನ್ನು ತಿರುಗಿಸಿ ನೋಡಿದರು. "ಇದನ್ನ ಎಷ್ಟು ಲೋಡಲ್ಲಿ ಓಡಿಸ್ತಿದ್ರಮ್ಮ?" ಅವಳು ನನ್ನ ಮುಖ ನೋಡಿದಳು. ನಾನು ಫೈಲ್ ತೆಗೆದೆ. ತೂತಿನ ಆಳ, ಉಳಿದ ದಪ್ಪ, ವೆಲ್ಡಿಂಗ್ ರಾಡಿನ ನಮೂನೆ, ಎಲ್ಲಾ ಇತ್ತು. ಯಂತ್ರ ಎಷ್ಟು ವಿದ್ಯುತ್ ಹೊರೆಯಲ್ಲಿ ಓಡುತ್ತಿತ್ತೆಂಬ ಲೋಡ್ ಇರಲಿಲ್ಲ.

ವೇದಿಕೆಯ ಭಾಷಣಗಳಲ್ಲಿ ದಕ್ಷತೆಯ ಮಾತೇ ಹೆಚ್ಚು. ಇಂಥ ಪ್ರಶ್ನೆ ಹುಟ್ಟುವುದು ಚಹಾ ಹೊತ್ತಿನಲ್ಲೇ. ಸೌರ, ಪವನ ವಿದ್ಯುತ್ತಿನ ಏರಿಳಿತ ಸರಿದೂಗಿಸಲು ಜಲಯಂತ್ರಗಳನ್ನು ಈಗ ದಿನಕ್ಕೆ ಹಲವು ಸಲ ಏರಿಸಿ ಇಳಿಸುತ್ತಾರೆ. ಫ್ರಾನ್ಸಿಸ್ ಯಂತ್ರ ಅರೆ ಲೋಡಿನಲ್ಲಿ ಓಡುವಾಗ ನೀರು ಹೊರಹೋಗುವ ಕೊಳವೆಯಾದ ಡ್ರಾಫ್ಟ್ ಟ್ಯೂಬಿನಲ್ಲಿ ನೀರು ಹಗ್ಗ ಹೊಸೆದಂತೆ ಸುತ್ತಿ ಇಡೀ ಯಂತ್ರವನ್ನು ನಡುಗಿಸುತ್ತದೆ. ರಷ್ಯಾದ ಸಯಾನೋ-ಶುಶೆನ್‌ಸ್ಕಾಯ ಜಲವಿದ್ಯುತ್ ಕೇಂದ್ರದಲ್ಲಿ 2009ರ ಆಗಸ್ಟ್ 17ರಂದು 2ನೇ ಯಂತ್ರದ ಮೇಲ್ಮುಚ್ಚಳ ಕಿತ್ತು 75 ಮಂದಿ ಸತ್ತರು. ಮುಚ್ಚಳ ಹಿಡಿದಿದ್ದ ಬೋಲ್ಟುಗಳು ಕಂಪನಕ್ಕೆ ದಣಿದು ಬಿರುಕು ಬಿಟ್ಟಿದ್ದವು. ಆ ಯಂತ್ರವೂ ಲೋಡಿನ ಏರಿಳಿತಕ್ಕೆ ತಕ್ಕಂತೆ ಓಡಿಸುತ್ತಿದ್ದದ್ದೇ.

ಊರಿಗೆ ಮರಳಿದ ವಾರವೇ ಕಿರಿಯ ಎಂಜಿನಿಯರ್ ನಮ್ಮ ತಪಾಸಣೆ ಫಾರಂ ತಿದ್ದಿದಳು. ತೂತಿನ ಆಳದ ಕಾಲಂ ಈಗ ಎರಡನೆಯದು. ಮೊದಲ ಕಾಲಂ: ಯಾವ ಲೋಡಿನಲ್ಲಿ ಎಷ್ಟು ಗಂಟೆ.